ಕಫದ ಡಬ್ಬಿಯಿಂದ ಕೊನೆಯ ಮಾತ್ರೆಯವರೆಗೆ

1960ರ ದಶಕದ ಆರಂಭದಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಸಂಶೋಧಕರು ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ, ಶ್ವಾಸಕೋಶದ ಕ್ಷಯ ಇದ್ದವರನ್ನು ಮಾತಾಡಿಸಿದರು. ಹಳ್ಳಿಗರಿಗೆ ರೋಗದ ಅರಿವಿಲ್ಲ, ಅದಕ್ಕೇ ಆಸ್ಪತ್ರೆಗೆ ಬರುವುದಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ಸಿಕ್ಕ ಉತ್ತರವೇ ಬೇರೆ. ಮೈಯಲ್ಲಿ ಏನೋ ಕೆಟ್ಟಿದೆ ಎಂಬುದು ಬಹುತೇಕ ಎಲ್ಲರಿಗೂ ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿ ಇಳಿದಿದ್ದರು, ಕೈಯಲ್ಲಿ ಕೆಮ್ಮಿನ ಔಷಧ ಹಿಡಿದುಕೊಂಡು. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ 1963ರಲ್ಲಿ ಪ್ರಕಟಿಸಿದ ಈ ಅಧ್ಯಯನ ನಮ್ಮ ದೇಶದ ಕ್ಷಯ ಕಾರ್ಯಕ್ರಮಕ್ಕೆ ಒಂದು ದಾರಿ ಹಾಕಿಕೊಟ್ಟಿತು: ರೋಗಿ ಎಲ್ಲಿಗೆ ತಾನಾಗಿ ಬರುತ್ತಾನೋ ಅಲ್ಲೇ ಸೂಕ್ಷ್ಮದರ್ಶಕ ಇಡಿ, ಕೆಮ್ಮಿಕೊಂಡು ಬಂದವನ ಕಫ ನೋಡದೆ ಕಳಿಸಬೇಡಿ.

ಅರವತ್ತು ವರ್ಷಗಳ ನಂತರ, 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆ ನಾಣ್ಯದ ಇನ್ನೊಂದು ಮುಖ ತೋರಿಸಿತು. ಕ್ಷಯದ ಲಕ್ಷಣ ಇದ್ದವರಲ್ಲಿ ಸುಮಾರು 64% ಜನ ಎಲ್ಲೂ ಚಿಕಿತ್ಸೆಗೆ ಹೋಗಿರಲಿಲ್ಲ. ಸಮೀಕ್ಷೆಯಲ್ಲಿ ಎದೆಯ ಎಕ್ಸ್-ರೇ ಇಲ್ಲದೆ ಬರೀ ಲಕ್ಷಣ ಕೇಳಿದ್ದರೆ 42.6% ರೋಗಿಗಳು ಕೈತಪ್ಪುತ್ತಿದ್ದರು. ಅಂದರೆ ತಾಲೂಕಿನಲ್ಲಿ ಈ ಕಾರ್ಯಕ್ರಮ ನಡೆಸುವವರ ಮುಂದೆ ಎರಡು ಬಗೆಯ ಜನ ಇದ್ದಾರೆ: ಬಂದರೂ ಬರಿಗೈಯಲ್ಲಿ ಮರಳಿದವರು, ಬರಲೇ ಇಲ್ಲದವರು. ಒಬ್ಬರನ್ನು ಹಿಡಿಯುವ ಬಲೆಯಲ್ಲಿ ಇನ್ನೊಬ್ಬರು ಸಿಗುವುದಿಲ್ಲ.

ತಾಲೂಕು ಎಂದು ಬೇಕೆಂದೇ ಹೇಳುತ್ತಿದ್ದೇನೆ. ನಿಯಮಾವಳಿ ದೆಹಲಿಯಲ್ಲಿ ತಯಾರಾಗುತ್ತದೆ, ಹಣ ಬೆಂಗಳೂರಿನಿಂದ ಇಳಿಯುತ್ತದೆ, ಆದರೆ ಕಾರ್ಯಕ್ರಮ ಬದುಕುವುದೋ ಸೊರಗುವುದೋ ಟಿಬಿ ಯೂನಿಟ್‌ನಲ್ಲಿ. ಮೊದಲು 5 ಲಕ್ಷ ಜನಕ್ಕೆ ಒಂದರಂತೆ ಇದ್ದ ಯೂನಿಟ್ ಈಗ 2ರಿಂದ 2.5 ಲಕ್ಷಕ್ಕೆ ಒಂದು, ಹೆಚ್ಚುಕಡಿಮೆ ಒಂದು ತಾಲೂಕು. ಅಲ್ಲಿ ಒಬ್ಬ ವೈದ್ಯಾಧಿಕಾರಿ, ಅವರಿಗೆ ಬೇರೆ ಹತ್ತು ಕೆಲಸ. ಬೈಕಿನಲ್ಲಿ ಊರೂರು ತಿರುಗುವ ಎಸ್‌ಟಿಎಸ್, ಅಂದರೆ ಹಿರಿಯ ಚಿಕಿತ್ಸಾ ಮೇಲ್ವಿಚಾರಕರು. ಪ್ರಯೋಗಾಲಯಗಳನ್ನು ನೋಡಿಕೊಳ್ಳುವ ಎಸ್‌ಟಿಎಲ್‌ಎಸ್, ಅಂದರೆ ಹಿರಿಯ ಪ್ರಯೋಗಾಲಯ ಮೇಲ್ವಿಚಾರಕರು. ಇವರ ಕೆಳಗೆ ಪಿಎಚ್‌ಸಿಗಳ ಲ್ಯಾಬ್ ಟೆಕ್ನಿಷಿಯನ್ನರು, ಸಮುದಾಯ ಆರೋಗ್ಯ ಅಧಿಕಾರಿಗಳು, ಆಶಾ ಕಾರ್ಯಕರ್ತೆಯರು. ಇವರಲ್ಲಿ ಬಹುತೇಕ ಯಾರೂ ಎಸ್‌ಟಿಎಸ್‌ಗೆ ಉತ್ತರ ಕೊಡಬೇಕಾದವರಲ್ಲ. ಗುತ್ತಿಗೆ ನೌಕರಿಯಲ್ಲಿರುವ ಎಸ್‌ಟಿಎಸ್, ಕಾಯಂ ನೌಕರರಿಂದ ಕೆಲಸ ಮಾಡಿಸಬೇಕು. ಸಮನ್ವಯ ಎಂಬ ಮಾತಿನ ಭಾರ ತಿಳಿಯಬೇಕಾದರೆ ಮೊದಲು ಇದನ್ನು ಅರ್ಥ ಮಾಡಿಕೊಳ್ಳಬೇಕು.

ಕ್ಷಯಕ್ಕೆ ಔಷಧ ಇದೆ, ಪರೀಕ್ಷೆ ಇದೆ, ಎರಡೂ ಉಚಿತ. ಹಾಗಿದ್ದೂ ರೋಗಿಗಳು ಕಳೆದುಹೋಗುವುದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಜಾಗಗಳಲ್ಲಿ. ಆಶಾ ಕೈಯಿಂದ ಲ್ಯಾಬಿಗೆ, ಲ್ಯಾಬಿನಿಂದ ವೈದ್ಯರಿಗೆ, ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ, ಆಸ್ಪತ್ರೆಯಿಂದ ಬ್ಯಾಂಕಿಗೆ. ಪ್ರತಿ ದಾಟಿನ ಎರಡೂ ದಡದಲ್ಲಿ ಒಂದೊಂದು ದಿನಾಂಕ ಬರೆದಿರುತ್ತದೆ. ಆ ಎರಡು ದಿನಾಂಕಗಳ ನಡುವೆ ಎಷ್ಟು ದಿನ ಎಂದು ಎಣಿಸುವುದೇ ಉಸ್ತುವಾರಿಯ ಮುಖ್ಯ ಕೆಲಸ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮೊದಲ ದಾಟು ಹೊರರೋಗಿ ವಿಭಾಗದಲ್ಲಿದೆ. ಹಳೆಯ ಲೆಕ್ಕವೊಂದು ಈಗಲೂ ಉಪಯೋಗಕ್ಕೆ ಬರುತ್ತದೆ: ಹೊಸದಾಗಿ ಬಂದ ವಯಸ್ಕ ಹೊರರೋಗಿಗಳಲ್ಲಿ ನೂರಕ್ಕೆ ಎರಡು ಮೂರು ಜನರಿಗೆ ಎರಡು ವಾರ ಮೀರಿದ ಕೆಮ್ಮು ಇರುತ್ತದೆ. ತಿಂಗಳಿಗೆ 1,000 ಹೊಸ ವಯಸ್ಕರು ಬರುವ ಪಿಎಚ್‌ಸಿಯಿಂದ 20ರಿಂದ 30 ಕಫ ಪರೀಕ್ಷೆ ಆಗಬೇಕು. ಐದೇ ಆಗಿದ್ದರೆ ಆ ಊರಿನಲ್ಲಿ ಕ್ಷಯ ಇಲ್ಲ ಎಂದು ಅರ್ಥವಲ್ಲ, ವೈದ್ಯರ ಮೇಜಿನ ಮುಂದೆ ಯಾರೂ "ಕೆಮ್ಮು ಎಷ್ಟು ದಿನದಿಂದ?" ಎಂದು ಕೇಳುತ್ತಿಲ್ಲ ಎಂದು ಅರ್ಥ. ಈ ಪ್ರಶ್ನೆಯನ್ನು ವೈದ್ಯರಿಗೆ ಬಿಡುವುದಕ್ಕಿಂತ ಚೀಟಿ ಬರೆಯುವ ಕೌಂಟರಿನಲ್ಲೇ ಕೇಳಿಸುವುದು ಒಳ್ಳೆಯದು. ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರು, ಈ ನಾಲ್ಕಕ್ಕೆ ಒಂದು ಮುದ್ರೆ ಮಾಡಿಸಿ ಚೀಟಿಯ ಮೇಲೆ ಒತ್ತಿದರೆ ಸಾಕು. ಸಕ್ಕರೆ ಕಾಯಿಲೆಯವರ ಸರತಿ, ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರ, ಇವೆರಡನ್ನೂ ಬಿಡುವ ಹಾಗಿಲ್ಲ.

ಪರೀಕ್ಷಿಸಿದವರಲ್ಲಿ ಎಷ್ಟು ಜನರಿಗೆ ರೋಗ ಸಿಕ್ಕಿತು ಎಂಬ ಪ್ರಮಾಣವನ್ನು ಎರಡೂ ಕಡೆಯಿಂದ ಓದಬೇಕು. ತೀರಾ ಹೆಚ್ಚಿದ್ದರೆ ಹಾಸಿಗೆ ಹಿಡಿದವರನ್ನು ಮಾತ್ರ ಪರೀಕ್ಷಿಸುತ್ತಿದ್ದಾರೆ, ಅಷ್ಟರಲ್ಲಿ ಮನೆಮಂದಿಗೆಲ್ಲ ಹರಡಿರುತ್ತದೆ. ತೀರಾ ಕಡಿಮೆ ಇದ್ದರೆ ಒಂದೋ ಡಬ್ಬಿಯಲ್ಲಿ ಎಂಜಲು ಬರುತ್ತಿದೆ, ಇಲ್ಲವೇ ಗುರಿ ಮುಟ್ಟಿಸಲು ಯಾರು ಸಿಕ್ಕರೆ ಅವರ ಡಬ್ಬಿ ತುಂಬಿಸುತ್ತಿದ್ದಾರೆ. ಪರೀಕ್ಷೆಗಳ ಸಂಖ್ಯೆಯನ್ನಷ್ಟೇ ಗುರಿಯಾಗಿ ಕೊಟ್ಟ ಕಡೆಯಲ್ಲೆಲ್ಲ ಈ ಎರಡನೆಯದು ಬೇಗ ಶುರುವಾಗುತ್ತದೆ.

ಎಂಜಲಿನ ಮಾತು ಬಂದ ಮೇಲೆ ಅದನ್ನು ಸರಿಯಾಗಿ ಹೇಳಲೇಬೇಕು, ಏಕೆಂದರೆ ಕೋಟಿ ಬೆಲೆಯ ಯಂತ್ರವೂ ಡಬ್ಬಿಯೊಳಗೆ ಇಲ್ಲದ್ದನ್ನು ಹುಡುಕಿ ಕೊಡಲಾರದು. ಬೇಕಾದದ್ದು 2ರಿಂದ 5 ಮಿಲಿಲೀಟರ್ ಗಟ್ಟಿ, ಲೋಳೆಯಂಥ ಕಫ. ಮೊದಲು ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಬೇಕು, ಎರಡು ಮೂರು ಸಲ ಆಳವಾಗಿ ಉಸಿರೆಳೆದು ಹಿಡಿದು, ಎದೆಯ ಆಳದಿಂದ ಕೆಮ್ಮಬೇಕು. ಜಾಗ ಬಯಲಾಗಿರಬೇಕು, ಗಾಳಿ ಬೀಸುತ್ತಿರಬೇಕು, ಆದರೆ ನಾಲ್ಕು ಜನ ನೋಡುವಂತಿರಬಾರದು. ಹೆಂಗಸರು ಡಬ್ಬಿ ಹಿಡಿದು ಆಸ್ಪತ್ರೆಯ ಅಂಗಳದಲ್ಲಿ ನಿಲ್ಲಲು ನಾಚುತ್ತಾರೆ, ಅವಸರದಲ್ಲಿ ಉಗುಳಿ ಕೊಟ್ಟುಬಿಡುತ್ತಾರೆ. ಲ್ಯಾಬಿನ ಹಿಂದೆ ಒಂದು ತಗಡಿನ ಮರೆ ಕಟ್ಟಿಸಿದರೆ ಆಗುವ ಉಪಕಾರ ಹತ್ತು ಪೋಸ್ಟರ್ ಅಂಟಿಸಿದರೂ ಆಗುವುದಿಲ್ಲ. ಬೆಳಗ್ಗೆ ಎದ್ದ ಕೂಡಲೇ ತೆಗೆದ ಕಫ ಎಲ್ಲಕ್ಕಿಂತ ಚೆನ್ನ, ಆದ್ದರಿಂದ ಎರಡನೇ ಡಬ್ಬಿಯನ್ನು ಮನೆಗೆ ಕೊಟ್ಟು ಕಳಿಸುವುದು. ಹೆಸರು, ನಿಕ್ಷಯ್ ಐಡಿ (ಸರ್ಕಾರದ ಆನ್‌ಲೈನ್ ಕ್ಷಯ ದಾಖಲೆಯಲ್ಲಿ ರೋಗಿಯ ಸಂಖ್ಯೆ) ಡಬ್ಬಿಯ ಮೈಮೇಲೆ ಬರೆಯಬೇಕು, ಮುಚ್ಚಳದ ಮೇಲೆ ಎಂದೂ ಬರೆಯಬಾರದು. ಲ್ಯಾಬಿನಲ್ಲಿ ಹತ್ತು ಮುಚ್ಚಳ ಒಟ್ಟಿಗೆ ತೆರೆದರೆ ಒಬ್ಬರ ರೋಗ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ.

ಸಾಗಾಟದಲ್ಲಿ ಹಾಳಾಗುವುದು ಬಹಳ. ಡಬ್ಬಿಯ ಮುಚ್ಚಳ ಬಿಗಿಯಾಗಿಲ್ಲದೆ ಸೋರುತ್ತದೆ, ಜೊತೆಗಿಟ್ಟ ನಮೂನೆ ಕಾಗದ ನೆನೆದು ಅಕ್ಷರ ಅಳಿಯುತ್ತದೆ. ಅದಕ್ಕೇ ಮೂರು ಪದರದ ಪ್ಯಾಕಿಂಗ್: ಡಬ್ಬಿ, ಅದರ ಸುತ್ತ ಹೀರುವ ಹತ್ತಿ ಸಹಿತ ಮುಚ್ಚಿದ ಚೀಲ, ಹೊರಗೆ ಜೆಲ್ ಪ್ಯಾಕ್ ಇಟ್ಟ ತಂಪು ಪೆಟ್ಟಿಗೆ. ಕಾಗದಗಳು ಬೇರೆ ಚೀಲದಲ್ಲಿ. ಶುಕ್ರವಾರ ಸಂಜೆ ಹೊರಟ ಮಾದರಿ ಎರಡನೇ ಶನಿವಾರ, ಭಾನುವಾರ ದಾಟಿ ಸೋಮವಾರ ಮಧ್ಯಾಹ್ನ ತೆರೆಯುತ್ತದೆ. ರಾಯಚೂರು, ಕಲಬುರಗಿ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಅಷ್ಟು ಹೊತ್ತಿಗೆ ಅದರಲ್ಲಿ ಬೇರೆ ಬ್ಯಾಕ್ಟೀರಿಯಾ ತುಂಬಿರುತ್ತದೆ. ಸಂಗ್ರಹದ ದಿನಗಳನ್ನು ಸೋಮವಾರದಿಂದ ಗುರುವಾರಕ್ಕೆ ಇಟ್ಟುಕೊಂಡು, ಸಾಗಿಸುವವರು ಯಾವ ಗಂಟೆಗೆ ಯಾವ ಪಿಎಚ್‌ಸಿಯಲ್ಲಿರುತ್ತಾರೆ ಎಂದು ಗೋಡೆಯ ಮೇಲೆ ಬರೆದು ಹಾಕಿದರೆ ಅರ್ಧ ಸಮಸ್ಯೆ ತೀರುತ್ತದೆ.

ಲ್ಯಾಬಿನ ಒಳಗಿನ ಲೆಕ್ಕವೂ ಕಾರ್ಯಕ್ರಮ ನಡೆಸುವವರಿಗೆ ಗೊತ್ತಿರಬೇಕು. ಸೂಕ್ಷ್ಮದರ್ಶಕದಲ್ಲಿ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ 5,000ದಿಂದ 10,000 ರೋಗಾಣು ಬೇಕು. ರೋಗಾಣುವಿನ ಡಿಎನ್ಎ ಹುಡುಕುವ ಸಿಬಿನಾಟ್ ಯಂತ್ರಕ್ಕೆ ನೂರರ ಆಸುಪಾಸು ಸಾಕು, ಜೊತೆಗೆ ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಪ್ರತಿರೋಧ ಇದೆಯೇ ಎಂಬುದನ್ನೂ ಎರಡು ಗಂಟೆಯೊಳಗೆ ಹೇಳುತ್ತದೆ. ಆದರೆ ಅದಕ್ಕೆ ಎಸಿ ಬೇಕು, ನಿಲ್ಲದ ಕರೆಂಟು ಬೇಕು. ನಾಲ್ಕು ಮಾಡ್ಯೂಲ್‌ನ, ಅಂದರೆ ಒಮ್ಮೆಗೆ ನಾಲ್ಕು ಮಾದರಿ ನೋಡುವ ಯಂತ್ರ ಎಂಟು ಗಂಟೆಯಲ್ಲಿ ಹೆಚ್ಚೆಂದರೆ 16 ಪರೀಕ್ಷೆ ಮಾಡೀತು. ಒಂದು ಮಾಡ್ಯೂಲ್ ಕೆಟ್ಟರೆ 12. ತಿಂಗಳಿಗೆ 25 ಕೆಲಸದ ದಿನ ಹಿಡಿದರೆ 100 ಪರೀಕ್ಷೆ ಹೋಯಿತು. "ಯಂತ್ರ ನಡೆಯುತ್ತಿದೆ" ಎಂದು ವರದಿಯಲ್ಲಿ ಬರೆದಿರುತ್ತದೆ, ಅದು ಸುಳ್ಳೂ ಅಲ್ಲ. ಹಾಗಾಗಿ ಯಂತ್ರ ಇದೆಯೇ ಎಂದು ಕೇಳುವ ಬದಲು ಎಷ್ಟು ಮಾಡ್ಯೂಲ್ ನಡೆಯುತ್ತಿವೆ, ವಾರ್ಷಿಕ ಕ್ಯಾಲಿಬ್ರೇಷನ್ ಯಾವಾಗ ಮುಗಿಯುತ್ತದೆ, ಕಫ ತುಂಬುವ ಕಾರ್ಟ್ರಿಡ್ಜ್‌ಗಳ ಅವಧಿ ಯಾವ ತಿಂಗಳು ಎಂದು ಕೇಳಬೇಕು.

ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡು, ಗೋವಾದ ಮೋಲ್ಬಿಯೋ ಕಂಪನಿ ತಯಾರಿಸುವ ಟ್ರೂನಾಟ್ ಬಂದ ಮೇಲೆ ಚಿತ್ರ ಬಹಳ ಬದಲಾಗಿದೆ. ಬ್ಯಾಟರಿಯಲ್ಲಿ ನಡೆಯುತ್ತದೆ, ಎಸಿ ಬೇಡ, ಪಿಎಚ್‌ಸಿಯ ಸಣ್ಣ ಕೋಣೆಯಲ್ಲೂ ಕೂರುತ್ತದೆ. ಆದರೆ ಸಿಬಿನಾಟ್‌ನಂತೆ ಒಮ್ಮೆ ಹಾಕಿ ಬಿಟ್ಟರೆ ಆಯಿತು ಎನ್ನುವ ಹಾಗಿಲ್ಲ. ಕಫವನ್ನು ತಿಳಿಗೊಳಿಸುವುದು, ಡಿಎನ್ಎ ಬೇರ್ಪಡಿಸುವುದು, ಅದನ್ನು ಚಿಪ್‌ಗೆ ಹಾಕುವುದು, ಪ್ರತಿ ಹಂತದಲ್ಲೂ ಕೈಕೆಲಸ ಇದೆ. ಟಿಬಿ ಸಿಕ್ಕಿದರೆ ರಿಫಾಂಪಿಸಿನ್ ನೋಡಲು ಇನ್ನೊಂದು ಚಿಪ್, ಇನ್ನೊಂದು ಗಂಟೆ. ಟಿಬಿ ಚಿಪ್ ಸಾಕಷ್ಟಿದ್ದು ರಿಫಾಂಪಿಸಿನ್ ಚಿಪ್ ಖಾಲಿಯಾದಾಗ ರೋಗಿಗೆ ಅರ್ಧ ಉತ್ತರ ಮಾತ್ರ ಸಿಗುತ್ತದೆ. ಇವೆರಡನ್ನೂ ಬೇರೆ ಬೇರೆ ಸಾಲಿನಲ್ಲಿ ಲೆಕ್ಕ ಇಡದ ಕಡೆ ಇದು ಆಗುತ್ತಲೇ ಇರುತ್ತದೆ.

ಊರಿಗೇ ಹೋಗಿ ಕ್ಷಯ ಹುಡುಕುವ ಆಂದೋಲನದ ಕ್ಯಾಂಪ್‌ಗಳ ವಿಷಯಕ್ಕೂ ಇದೇ ಲೆಕ್ಕ. ಒಂದೇ ದಿನ ಮೂರು ಹಳ್ಳಿಯಲ್ಲಿ 200 ಡಬ್ಬಿ ಹಂಚಿದರೆ, ದಿನಕ್ಕೆ 16 ನೋಡುವ ಲ್ಯಾಬಿಗೆ ಅದು 12 ದಿನ ಮೀರಿದ ಕೆಲಸ. ಅಷ್ಟರಲ್ಲಿ ಕಫ ಕೆಡುತ್ತದೆ, ಜನರ ನಂಬಿಕೆಯೂ ಕೆಡುತ್ತದೆ. ಕೈಯಲ್ಲಿ ಹಿಡಿಯುವ ಎಕ್ಸ್-ರೇ ಯಂತ್ರ ಕ್ಯಾಂಪಿಗೆ ಬಂದರೆ ಈ ಬಿಕ್ಕಟ್ಟು ಸಡಿಲವಾಗುತ್ತದೆ. ಮೊದಲು ಎಲ್ಲರಿಗೂ ಚಿತ್ರ, ಅದರಲ್ಲಿ ಅನುಮಾನ ಬಂದವರಿಗೆ ಮತ್ತು ಲಕ್ಷಣ ಇರುವವರಿಗೆ ಮಾತ್ರ ಡಬ್ಬಿ. ಎಲ್ಲಿ ಕ್ಯಾಂಪ್ ಹಾಕಬೇಕು ಎಂಬುದನ್ನು ಸ್ಥಳ ನೋಡಿ ನಿರ್ಧರಿಸಬೇಕು: ಇಳಕಲ್ ಕಡೆಯ ಕಲ್ಲು ಕ್ವಾರಿಗಳು, ಜಲ್ಲಿ ಕ್ರಷರ್‌ಗಳು, ಇಕ್ಕಟ್ಟಾದ ಕಾರ್ಮಿಕ ಲೈನುಗಳು, ಜೈಲು. ಕಲ್ಲಿನ ದೂಳು ಕುಡಿದ ಎದೆಗೆ ಕ್ಷಯ ಬಹು ಬೇಗ ಹತ್ತುತ್ತದೆ, ಎಕ್ಸ್-ರೇಯಲ್ಲಿ ಸಿಲಿಕೋಸಿಸ್ ಯಾವುದು ಟಿಬಿ ಯಾವುದು ಎಂದು ಬಿಡಿಸುವುದೂ ಕಷ್ಟ.

ಈಗ ಎರಡನೇ ದಾಟು, ಫಲಿತಾಂಶದಿಂದ ಮೊದಲ ಮಾತ್ರೆಯವರೆಗೆ. ರೋಗ ಪತ್ತೆಯಾಗಿ, ಚಿಕಿತ್ಸೆಯ ಪಟ್ಟಿಗೇ ಸೇರದೆ ಹೋಗುವವರು ಇಲ್ಲಿದ್ದಾರೆ. ಕಾರಣಗಳು ಬಹಳ ಸಣ್ಣವು. ಫೋನ್ ನಂಬರಿನಲ್ಲಿ ಒಂದು ಅಂಕಿ ತಪ್ಪು. ವಿಳಾಸದಲ್ಲಿ ಬರೀ "ಜನತಾ ಕಾಲೊನಿ". ತಾಲೂಕಿನಲ್ಲಿ ಅಂಥವು ಎಂಟು. ಡಬ್ಬಿ ಕೊಡುವಾಗಲೇ ನಿಕ್ಷಯ್‌ನಲ್ಲಿ ಹೆಸರು ಹಾಕಿ, ಕೊಟ್ಟ ನಂಬರಿಗೆ ಅಲ್ಲೇ ಒಮ್ಮೆ ಕರೆ ಮಾಡಿ ನೋಡಿ, ಪಕ್ಕದ ಮನೆಯವರದೋ ಮಗಳದೋ ಎರಡನೇ ನಂಬರು ಪಡೆದು, ಗುಡಿ, ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿಯಂಥ ಗುರುತು ಬರೆದುಕೊಂಡರೆ ಎರಡು ನಿಮಿಷ ಹೆಚ್ಚು ಹಿಡಿಯುತ್ತದೆ. ಅದನ್ನು ಬಿಟ್ಟರೆ ಎಸ್‌ಟಿಎಸ್ ಒಂದು ಇಡೀ ದಿನ ಬೈಕಿನಲ್ಲಿ ಅಲೆಯಬೇಕಾಗುತ್ತದೆ.

ಗುಳೆ ಹೋಗುವವರದು ಇನ್ನೂ ಕಷ್ಟದ ಸಂಗತಿ. ಯಾದಗಿರಿಯ ತಾಂಡಾದವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಮುಂಬೈ, ಪುಣೆಗೆ, ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತಾರೆ. ಬೆಂಗಳೂರಿನಲ್ಲಿ ಪತ್ತೆಯಾದವರ ಆಧಾರ್ ವಿಳಾಸ ನೋಡಿ ಹೆಸರನ್ನು ಯಾದಗಿರಿಗೆ ವರ್ಗ ಮಾಡುತ್ತಾರೆ, ಮನುಷ್ಯ ಮಾತ್ರ ಹೆಬ್ಬಾಳದ ಶೆಡ್ಡಿನಲ್ಲೇ ಇರುತ್ತಾನೆ. ವರ್ಗ ಮಾಡುವ ಮೊದಲು ಕೇಳಬೇಕಾದ್ದು "ನಿಮ್ಮ ಊರು ಯಾವುದು?" ಎಂದಲ್ಲ, "ಮುಂದಿನ ಆರು ತಿಂಗಳು ಎಲ್ಲಿರುತ್ತೀರಿ?" ಎಂದು. ವರ್ಗ ಮಾಡಿದವರೇ ಆ ಕಡೆಯ ಎಸ್‌ಟಿಎಸ್‌ಗೆ ಕರೆ ಮಾಡಿ, ರೋಗಿ ಅಲ್ಲಿ ಮಾತ್ರೆ ತೆಗೆದುಕೊಂಡದ್ದು ಖಚಿತವಾಗುವವರೆಗೆ ಹೆಸರು ತಮ್ಮದೇ ಎಂದು ತಿಳಿಯಬೇಕು. ಹೊರಡುವವರ ಕೈಗೆ ದಾರಿಗೆ ಸಾಕಾಗುವಷ್ಟು ಔಷಧ ಕೊಡಬೇಕು. ಯುಗಾದಿಗೆ, ಊರ ಜಾತ್ರೆಗೆ ಮರಳುವ ವಾರ ಮೊದಲೇ ಗೊತ್ತಿರುತ್ತದೆ, ಸಂಪರ್ಕಿತರ, ಅಂದರೆ ರೋಗಿಯ ಜೊತೆ ಇದ್ದವರ ತಪಾಸಣೆಗೆ ಅದಕ್ಕಿಂತ ಒಳ್ಳೆಯ ವಾರ ಇನ್ನೊಂದಿಲ್ಲ.

ಚಿಕಿತ್ಸೆ ಶುರುವಾಗುವ ದಿನ ತೂಕದ ಯಂತ್ರ ಬೇಕೇ ಬೇಕು. ಔಷಧಕ್ಕೆ ಸಾಮಾನ್ಯವಾಗಿ ಬಗ್ಗುವ ಕ್ಷಯಕ್ಕೆ ಎರಡು ತಿಂಗಳು ನಾಲ್ಕು ಔಷಧ ಕೂಡಿದ ಮಾತ್ರೆ, ಆಮೇಲೆ ನಾಲ್ಕು ತಿಂಗಳು ಮೂರು ಔಷಧದ ಮಾತ್ರೆ, ದಿನಾಲೂ, ಒಟ್ಟು 168 ದಿನ. 25ರಿಂದ 34 ಕೆ.ಜಿ. ಇದ್ದವರಿಗೆ 2 ಮಾತ್ರೆ, 35ರಿಂದ 49ರವರೆಗೆ 3, 50ರಿಂದ 64ರವರೆಗೆ 4, 65ರಿಂದ 75ರವರೆಗೆ 5, ಅದಕ್ಕೂ ಮೀರಿದರೆ 6. ಕಣ್ಣಳತೆಯಲ್ಲಿ "ಮೂರು ಕೊಡಿ" ಎಂದರೆ 52 ಕೆ.ಜಿ.ಯವರಿಗೆ ಆರು ತಿಂಗಳೂ ಕಾಲು ಭಾಗ ಔಷಧ ಕಡಿಮೆ ಬೀಳುತ್ತದೆ. ಚಿಕಿತ್ಸೆ ಹತ್ತಿದವರು ದಪ್ಪವಾಗುತ್ತಾರೆ. 47 ಇದ್ದವರು 53 ಆದಾಗ ಮಾತ್ರೆ 4 ಆಗಬೇಕು, ತಿಂಗಳಿಗೊಮ್ಮೆ ತೂಗದಿದ್ದರೆ ಅದು ಯಾರಿಗೂ ತಿಳಿಯುವುದಿಲ್ಲ. ಎರಡು ತಿಂಗಳಾದರೂ ತೂಕ ಏರದಿದ್ದರೆ ಅದೇ ಒಂದು ಎಚ್ಚರಿಕೆ: ಮಾತ್ರೆ ಹೊಟ್ಟೆ ಸೇರುತ್ತಿಲ್ಲ, ಇಲ್ಲವೇ ಅನ್ನ ಸೇರುತ್ತಿಲ್ಲ, ಇಲ್ಲವೇ ರೋಗಾಣು ಬಗ್ಗುತ್ತಿಲ್ಲ.

ಚಿಕಿತ್ಸೆಯಲ್ಲಿದ್ದೂ ಸಾಯುವವರಲ್ಲಿ ದೊಡ್ಡ ಪಾಲು ಮೊದಲ ಎರಡು ತಿಂಗಳಲ್ಲೇ ಸಾಯುತ್ತಾರೆ. ಇದು ಈ ಕಾರ್ಯಕ್ರಮದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಸಂಗತಿ, ಏಕೆಂದರೆ ಇವರು ಸಿಕ್ಕ ಮೇಲೆ ಹೋದವರು. ತಮಿಳುನಾಡು 2022ರಲ್ಲಿ ಶುರು ಮಾಡಿದ ಕ್ರಮ ನಮ್ಮೆಲ್ಲರಿಗೂ ಪಾಠವಾಗಬೇಕು. ರೋಗ ಪತ್ತೆಯಾದ ಕೂಡಲೇ ಪಿಎಚ್‌ಸಿಯಲ್ಲೇ ಕೆಲವನ್ನು ನೋಡುತ್ತಾರೆ: ಎತ್ತರ ಮತ್ತು ತೂಕದಿಂದ ಬಿಎಂಐ, ಎರಡೂ ಕಾಲಿನಲ್ಲಿ ಬಾವು, ನಿಮಿಷಕ್ಕೆ ಉಸಿರಿನ ಸಂಖ್ಯೆ, ಬೆರಳಿಗೆ ಹಾಕುವ ಯಂತ್ರದಲ್ಲಿ ಆಮ್ಲಜನಕ, ಆಸರೆಯಿಲ್ಲದೆ ನಿಲ್ಲಲು ಆಗುತ್ತದೆಯೇ. ಬಿಎಂಐ 14 ಅಥವಾ ಅದಕ್ಕಿಂತ ಕಡಿಮೆ, ಇಲ್ಲವೇ 16ರೊಳಗಿದ್ದು ಕಾಲು ಬಾತಿದ್ದರೆ, ಆಮ್ಲಜನಕ 94ಕ್ಕಿಂತ ಕಡಿಮೆ ಇದ್ದರೆ, ಉಸಿರು 24 ದಾಟಿದ್ದರೆ, ನಿಲ್ಲಲಾಗದಿದ್ದರೆ, ಇವುಗಳಲ್ಲಿ ಒಂದಿದ್ದರೂ ಮನೆಗೆ ಕಳಿಸದೆ ಆಸ್ಪತ್ರೆಯಲ್ಲಿ ದಾಖಲು. ಇದಕ್ಕೆ ಬೇಕಾದ್ದು ಅಳತೆಪಟ್ಟಿ, ತೂಕದ ಯಂತ್ರ, ಪಲ್ಸ್ ಆಕ್ಸಿಮೀಟರ್, ಗಡಿಯಾರ. ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಮೀಟರ್‌ಗಳು ಎಷ್ಟೋ ಉಪಕೇಂದ್ರಗಳ ಬೀರುವಿನಲ್ಲಿವೆ, ಬ್ಯಾಟರಿ ಹಾಕಿದರೆ ಆಯಿತು. ಕಷ್ಟ ಇರುವುದು ಮುಂದಿನ ಹೆಜ್ಜೆಯಲ್ಲಿ: ತಾಲೂಕು ಆಸ್ಪತ್ರೆಯಲ್ಲಿ ಕ್ಷಯರೋಗಿಗೆ ಹಾಸಿಗೆ ಸಿಗುವಂತೆ ಮೊದಲೇ ಮಾತಾಡಿ ಇಟ್ಟುಕೊಳ್ಳುವುದು. ಗಾಳಿಯಾಡುವ ನಾಲ್ಕು ಹಾಸಿಗೆ, ನೋಡುವ ವೈದ್ಯರ ಹೆಸರು, ಇವು ಬರೆದು ಇರದಿದ್ದರೆ ಆಂಬುಲೆನ್ಸ್ ಹತ್ತಿಸಿದ ರೋಗಿ ಮೂರು ಆಸ್ಪತ್ರೆ ಸುತ್ತುತ್ತಾನೆ.

ಹಸಿವು ಮತ್ತು ಕ್ಷಯದ ನಂಟು ನಮ್ಮ ಹಿರಿಯರಿಗೂ ಗೊತ್ತಿತ್ತು, ಆದರೆ ಅದಕ್ಕೆ ಬಲವಾದ ಪುರಾವೆ ಸಿಕ್ಕಿದ್ದು 2023ರಲ್ಲಿ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಅನುರಾಗ್ ಭಾರ್ಗವ, ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನಲ್ಲಿ 2,800 ರೋಗಿಗಳ ಮನೆಗಳಿಗೆ ಆಹಾರ ಕೊಟ್ಟು ನೋಡಿದರು. ರೋಗಿಗೆ ತಿಂಗಳಿಗೆ 10 ಕೆ.ಜಿ. ಪಡಿ. ಮನೆಯ ಇತರರಿಗೂ ತಲಾ 5 ಕೆ.ಜಿ. ಅಕ್ಕಿ, 1.5 ಕೆ.ಜಿ. ಬೇಳೆ ಕೊಟ್ಟ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು 39% ಕಡಿಮೆಯಾಯಿತು, ಶ್ವಾಸಕೋಶದ ಕ್ಷಯ ಮಾತ್ರ ಲೆಕ್ಕ ಹಿಡಿದರೆ 48%. ಎರಡು ತಿಂಗಳಲ್ಲಿ ತೂಕ 5% ಏರಿದ ರೋಗಿಗಳಲ್ಲಿ ಸಾವಿನ ಅಪಾಯ 61% ತಗ್ಗಿತು. ಅಕ್ಕಿ ಬೇಳೆಯನ್ನು ಔಷಧದ ಸಾಲಿನಲ್ಲೇ ಲೆಕ್ಕ ಹಿಡಿಯಲು ಇದಕ್ಕಿಂತ ಏನು ಬೇಕು?

ಸರ್ಕಾರ ಕೊಡುವುದು ಹಣ. 2018ರ ಏಪ್ರಿಲ್‌ನಿಂದ ತಿಂಗಳಿಗೆ 500 ರೂಪಾಯಿ, 2024ರ ನವೆಂಬರ್‌ನಿಂದ 1,000 ರೂಪಾಯಿ, 3,000 ರೂಪಾಯಿಯ ಎರಡು ಕಂತಿನಲ್ಲಿ, ಮೊದಲ ಕಂತು ಚಿಕಿತ್ಸೆಯ ಆರಂಭದಲ್ಲೇ. ಅದು ಆರಂಭದಲ್ಲೇ ಬಂದರೆ ಮಾತ್ರ ಪ್ರಯೋಜನ. ತಡವಾಗುವುದು ಖಾತೆಯ ಕಾರಣಕ್ಕೆ. ನಮ್ಮ ರಾಜ್ಯದಲ್ಲಿ ಇದಕ್ಕೊಂದು ವಿಶೇಷ ತೊಡಕು ಇತ್ತು: ವಿಜಯ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಅದೇ ವರ್ಷ ಯೂನಿಯನ್ ಬ್ಯಾಂಕ್‌ನಲ್ಲಿ ಸೇರಿಹೋದವು. ಮೂರೂ ಕರಾವಳಿಯಲ್ಲಿ ಹುಟ್ಟಿ ಹಳ್ಳಿಹಳ್ಳಿಯಲ್ಲಿ ಶಾಖೆ ಇದ್ದ ಬ್ಯಾಂಕುಗಳು. ಹಳೆಯ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ನೋಡಿ ಬರೆದರೆ ಪಾವತಿ ಹಿಂದಕ್ಕೆ ಬರುತ್ತದೆ. ಇನ್ನು ಕೆಲವು ಜನಧನ್ ಖಾತೆಗಳು ವಹಿವಾಟಿಲ್ಲದೆ ನಿಷ್ಕ್ರಿಯವಾಗಿರುತ್ತವೆ. ತನ್ನ ಖಾತೆ ಇಲ್ಲದ ರೋಗಿ ಮನೆಯವರ ಖಾತೆ ಕೊಡಬಹುದು, ಒಪ್ಪಿಗೆ ಪತ್ರ ಬೇಕು. ಹಿಂದಕ್ಕೆ ಬಂದ ಪಾವತಿಗಳ ಪಟ್ಟಿಯನ್ನು ವಾರಕ್ಕೊಮ್ಮೆ ತೆಗೆದು, ಎಸ್‌ಟಿಎಸ್ ಒಂದು ನಿಗದಿತ ದಿನ ಬ್ಯಾಂಕಿನಲ್ಲೇ ಕೂತು ಬಿಡಿಸುವುದು ಕೆಲಸ ಮಾಡುವ ವಿಧಾನ. ನಿಕ್ಷಯ್ ಮಿತ್ರರಾಗಿ ಬರುವ ದಾನಿಗಳ ಆಹಾರದ ಕಿಟ್ ದೊಡ್ಡ ಸಹಾಯ. ಕಿಟ್ ಕೊಡುವಾಗ ರೋಗಿಗಳನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯುವುದನ್ನು ಮಾತ್ರ ದಯವಿಟ್ಟು ಯಾರೂ ಮಾಡಬಾರದು. ಮದುವೆಗೆ ಬಂದ ಮಗಳಿರುವ ಮನೆ ಅಂಥ ಒಂದು ಫೋಟೊದಿಂದ ಕಾರ್ಯಕ್ರಮವನ್ನೇ ಬಿಟ್ಟು ಹೋಗುತ್ತದೆ. ರೋಗಿಗಳ ಹೆಸರಿನ ಪಟ್ಟಿ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದೂ ಹಾಗೆಯೇ.

ಔಷಧದ ಉಗ್ರಾಣದಲ್ಲಿ ತಪ್ಪುವ ಲೆಕ್ಕ ಒಂದಿದೆ. ತಿಂಗಳಿಗೆ 25 ಜನ ಚಿಕಿತ್ಸೆಗೆ ಸೇರುವ ಯೂನಿಟ್‌ನಲ್ಲಿ ಯಾವಾಗ ನೋಡಿದರೂ ಮೊದಲ ಹಂತದಲ್ಲಿ ಸುಮಾರು 50, ಎರಡನೇ ಹಂತದಲ್ಲಿ 100 ಜನ ಇರುತ್ತಾರೆ. ಸರಾಸರಿ ದಿನಕ್ಕೆ 3 ಮಾತ್ರೆ ಎಂದರೆ ಒಬ್ಬರಿಗೆ 28 ದಿನಕ್ಕೆ 28 ಮಾತ್ರೆಯ 3 ಪಟ್ಟಿ. ಅಂದರೆ ತಿಂಗಳಿಗೆ ನಾಲ್ಕು ಔಷಧದ 150 ಪಟ್ಟಿ, ಮೂರು ಔಷಧದ 300 ಪಟ್ಟಿ, ಅದರ ಮೇಲೆ ಕಾಪು ದಾಸ್ತಾನು. ಬಹಳ ಕಡೆ ಹೀಗೆ ತಲೆ ಎಣಿಸದೆ ಕಳೆದ ತಿಂಗಳು ಎಷ್ಟು ಹಂಚಿದೆವೋ ಅಷ್ಟೇ ಮತ್ತೆ ಕೇಳುತ್ತಾರೆ. ಕೊರತೆಯ ತಿಂಗಳಲ್ಲಿ ಕಡಿಮೆ ಹಂಚಿರುತ್ತಾರೆ, ಆದ್ದರಿಂದ ಕಡಿಮೆ ಕೇಳುತ್ತಾರೆ, ಕೊರತೆ ಮುಂದಿನ ತಿಂಗಳಿಗೂ ಹಬ್ಬುತ್ತದೆ. 2024ರ ಮಾರ್ಚ್‌ನಲ್ಲಿ ಕೇಂದ್ರದಿಂದ ಬರುವ ಮಾತ್ರೆಗಳು ತಡವಾಗಿ, ಸ್ಥಳೀಯವಾಗಿ ಕೊಳ್ಳಿ ಎಂದು ರಾಜ್ಯಗಳಿಗೆ ಸೂಚನೆ ಬಂದಾಗ, ರೋಗಿಗಳನ್ನು ಎಣಿಸಿ ಲೆಕ್ಕ ಇಟ್ಟುಕೊಂಡವರಿಗೆ ಎಷ್ಟು ಬೇಕು ಎಂದು ಅದೇ ದಿನ ಹೇಳಲು ಬರುತ್ತಿತ್ತು. ಒಂದು ವಾರಕ್ಕಷ್ಟೇ ಮಾತ್ರೆ ಕೊಟ್ಟು ಕಳಿಸುವ ಪರಿಸ್ಥಿತಿ ಬಂದರೆ ಮೊದಲು ಕಳೆದುಹೋಗುವವರು ದಿನಗೂಲಿಯವರು. ಒಂದು ಬಾರಿ ಬರಲು ಅವರಿಗೆ ಒಂದು ದಿನದ ಕೂಲಿ ಹೋಗುತ್ತದೆ.

ಖಾಸಗಿ ವೈದ್ಯರನ್ನು ಬಿಟ್ಟು ಕ್ಷಯದ ಲೆಕ್ಕ ಪೂರ್ತಿಯಾಗುವುದಿಲ್ಲ. 2012ರಿಂದ ಅವರೂ ರೋಗಿಯ ಮಾಹಿತಿ ಕೊಡುವುದು ಕಡ್ಡಾಯ. ಕಾನೂನಿನ ಪ್ರತಿ ಹಿಡಿದು ಹೋದರೆ ಕ್ಲಿನಿಕ್ಕಿನ ಬಾಗಿಲು ಮುಚ್ಚುತ್ತದೆ. ಅವರ ರೋಗಿ ಅವರ ಬಳಿಯೇ ಉಳಿಯುತ್ತಾನೆ, ಉಚಿತ ಸಿಬಿನಾಟ್, ಉಚಿತ ಮಾತ್ರೆ, ಪೋಷಣೆಯ ಹಣ ಅಲ್ಲಿಗೇ ಸಿಗುತ್ತದೆ ಎಂದು ತೋರಿಸಿಕೊಟ್ಟರೆ ತೆರೆಯುತ್ತದೆ. ಔಷಧ ಅಂಗಡಿಗಳು ಷೆಡ್ಯೂಲ್ ಎಚ್1 ಎಂಬ ಔಷಧ ನಿಯಮದ ಪ್ರಕಾರ ಟಿಬಿ ಔಷಧ ಕೊಂಡವರ ವಿವರ ಬರೆದಿಡಬೇಕು. ಆ ಪುಸ್ತಕವನ್ನು ತಿಂಗಳಿಗೊಮ್ಮೆ ನಿಕ್ಷಯ್ ಜೊತೆ ತಾಳೆ ನೋಡಿದರೆ ಲೆಕ್ಕಕ್ಕೆ ಸಿಗದವರು ಕಾಣುತ್ತಾರೆ.

ರಿಫಾಂಪಿಸಿನ್‌ಗೆ ಬಗ್ಗದ ಕ್ಷಯಕ್ಕೆ ಈಗ ಬೆಡಾಕ್ವಿಲಿನ್, ಪ್ರಿಟೊಮಾನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಸಿನ್ ಕೂಡಿದ ಆರು ತಿಂಗಳ ಚಿಕಿತ್ಸೆಗೆ 2024ರಲ್ಲಿ ಆರೋಗ್ಯ ಸಚಿವಾಲಯ ಒಪ್ಪಿಗೆ ಕೊಟ್ಟಿದೆ. ಮೊದಲು ಒಂಬತ್ತು ತಿಂಗಳಿಂದ ಇಪ್ಪತ್ತು ತಿಂಗಳವರೆಗೆ ಎಳೆಯುತ್ತಿದ್ದ ಚಿಕಿತ್ಸೆ ಇದು. ಅವಧಿ ಕುಗ್ಗಿದರೂ ನಿಗಾ ಕುಗ್ಗಿಲ್ಲ: ಹೃದಯದ ಲಯಕ್ಕೆ ಇಸಿಜಿ, ಲಿನೆಜೋಲಿಡ್‌ನಿಂದ ಆಗುವ ರಕ್ತಹೀನತೆಗೆ ರಕ್ತ ಪರೀಕ್ಷೆ, ಅಂಗಾಲು ಉರಿ, ಜೋಮು ಇದೆಯೇ ಎಂದು ಪ್ರತಿ ಭೇಟಿಯಲ್ಲೂ ಕೇಳುವುದು. ಕಾಲು ಉರಿಯನ್ನು ಹೇಳಿಕೊಳ್ಳದೆ ಮಾತ್ರೆಯನ್ನೇ ಬಿಟ್ಟವರು ಇರುತ್ತಾರೆ.

ಮನೆಯವರ ತಪಾಸಣೆ ಹೆಚ್ಚಾಗಿ ಕಾಗದದ ಮೇಲೆ ಮುಗಿಯುತ್ತದೆ. ಮನೆಯಲ್ಲಿ ಐದು ಜನ ಇದ್ದರೆ ಆಶಾ ಹೋದ ಹೊತ್ತಿಗೆ ಇಬ್ಬರಿರುತ್ತಾರೆ. ಸಂಜೆ ಏಳರ ನಂತರವೋ ಭಾನುವಾರವೋ ಹೋಗಬೇಕು, ಅದಕ್ಕೆ ತಕ್ಕಂತೆ ರಜೆ ಹೊಂದಿಸಿಕೊಡಬೇಕು. ಕ್ಷಯ ಇಲ್ಲ ಎಂದು ಖಚಿತವಾದ ಮೇಲೆ ತಡೆ ಚಿಕಿತ್ಸೆ: ದಿನಾಲೂ ಆರು ತಿಂಗಳು ಐಸೊನಿಯಾಜಿಡ್, ಅಥವಾ ವಾರಕ್ಕೊಮ್ಮೆಯಂತೆ 12 ವಾರ ಐಸೊನಿಯಾಜಿಡ್ ಮತ್ತು ರಿಫಾಪೆಂಟಿನ್. "ಕಾಯಿಲೆ ಇಲ್ಲದ ನನ್ನ ಮಗುವಿಗೆ ಮಾತ್ರೆ ಯಾಕೆ?" ಎಂಬ ತಾಯಿಯ ಪ್ರಶ್ನೆಗೆ ತಾಳ್ಮೆಯಿಂದ ಉತ್ತರ ಕೊಡಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ಕೊಟ್ಟ ಊರುಗಳಲ್ಲಿ 12 ವಾರವೂ ಪೂರ್ತಿಯಾಗುತ್ತದೆ.

ತಿಂಗಳ ಪರಿಶೀಲನಾ ಸಭೆ ಸಾಮಾನ್ಯವಾಗಿ ಶೇಕಡಾವಾರು ಓದುವುದರಲ್ಲಿ ಕಳೆಯುತ್ತದೆ. ಹೆಚ್ಚು ರೋಗಿಗಳನ್ನು ಪತ್ತೆ ಮಾಡಿದ ಪಿಎಚ್‌ಸಿಯನ್ನು "ನಿಮ್ಮಲ್ಲೇಕೆ ಇಷ್ಟು ಟಿಬಿ?" ಎಂದು ಗದರಿದರೆ ಮುಂದಿನ ತಿಂಗಳು ಅಲ್ಲಿ ಪತ್ತೆ ಕಡಿಮೆಯಾಗುತ್ತದೆ, ರೋಗ ಇದ್ದಷ್ಟೇ ಇರುತ್ತದೆ. ಅದರ ಬದಲು ಆ ತಿಂಗಳು ಸೇರಿದ 25 ಹೆಸರುಗಳನ್ನು ಒಂದೊಂದಾಗಿ ಓದಿ, ಪ್ರತಿ ಹೆಸರಿನ ಮುಂದೆ ಕಫ ಕೊಟ್ಟ ದಿನ, ಫಲಿತಾಂಶ ಬಂದ ದಿನ, ಮೊದಲ ಮಾತ್ರೆಯ ದಿನ, ಎಚ್‌ಐವಿ ಮತ್ತು ಸಕ್ಕರೆ ಪರೀಕ್ಷೆ, ಹಣ ಜಮೆಯಾದ ದಿನ, ಮನೆಯಲ್ಲಿ ಎಷ್ಟು ಜನ, ಎಷ್ಟು ಜನರನ್ನು ನೋಡಿದ್ದೀರಿ ಎಂದು ಕೇಳಿದರೆ ಒಂದೂವರೆ ಗಂಟೆ ಸಾಕು. ಯಾವ ದಾಟಿನಲ್ಲಿ ದಿನಗಳು ಸೋರುತ್ತಿವೆ ಎಂಬುದು ಹತ್ತನೇ ಹೆಸರಿಗೆ ಬರುವಷ್ಟರಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಸತ್ತವರ ಹೆಸರಿದ್ದರೆ ಅದಕ್ಕೆ ಬೇರೆ ಸಮಯ ಕೊಡಬೇಕು: ಮೊದಲ ಕೆಮ್ಮಿನಿಂದ ಕೊನೆಯ ದಿನದವರೆಗೆ ಎಲ್ಲೆಲ್ಲಿ ಹೋಗಿದ್ದರು, ಯಾರು ಏನು ಹೇಳಿ ಕಳಿಸಿದರು ಎಂದು ಮನೆಯವರಿಂದ ಕೇಳಿ ಬರೆದುಕೊಂಡು ಬಂದು ಓದಬೇಕು, ಯಾರ ಮೇಲೂ ಕ್ರಮ ಜರುಗಿಸುವುದಿಲ್ಲ ಎಂಬ ಮಾತು ಕೊಟ್ಟು.

168ನೇ ದಿನದ ಮಾತ್ರೆ ನುಂಗಿದ ಮೇಲೂ ದಾಖಲೆಯಲ್ಲಿ ಆ ಹೆಸರಿನ ಸಾಲು ಮುಚ್ಚುವುದಿಲ್ಲ. 6, 12, 18 ಮತ್ತು 24ನೇ ತಿಂಗಳಿಗೆ ಆ ವ್ಯಕ್ತಿಯನ್ನು ಮತ್ತೆ ನೋಡಬೇಕು. ಚಿಕಿತ್ಸೆ ಮುಗಿದ ದಿನವೇ ಈ ನಾಲ್ಕು ದಿನಾಂಕಗಳನ್ನು ಚೀಟಿಯ ಹಿಂಬದಿಯಲ್ಲಿ ಬರೆದುಕೊಟ್ಟು, ಅದೇ ನಾಲ್ಕನ್ನು ಆಶಾ ಡೈರಿಯಲ್ಲೂ ಬರೆಸಬೇಕು. ಆ ದಿನ ಕೆಮ್ಮು ಇದ್ದರೆ ಮತ್ತೆ ಒಂದು ಡಬ್ಬಿ, ಈ ಬಾರಿಯೂ ಹೆಸರು ಅದರ ಮೈಮೇಲೆ.